ಹಳಿ ಇತ್ತು, ರೈಲು ಇರಲಿಲ್ಲ

ಬೆಂಗಳೂರಲ್ಲಿ 2000ನೇ ಇಸವಿಯ ಆಚೀಚೆ ಕೆಲಸಕ್ಕೆ ಸೇರಿದವರನ್ನು ಹಿಡಿದು, ನಿಮ್ಮ ಮೊದಲ ಟ್ರೆಕ್ ಯಾವುದು ಅಂತ ಕೇಳಿ ನೋಡಿ. ಸಾವನದುರ್ಗ ಅನ್ನುವವರು ಸಿಗುತ್ತಾರೆ, ಕುಮಾರಪರ್ವತ ಅನ್ನುವವರೂ ಸಿಗುತ್ತಾರೆ. ಆದರೆ "ರೈಲ್ವೆ ಟ್ರೆಕ್" ಅಂದವರು ಸಿಕ್ಕರೆ ನಿಮ್ಮ ಮುಂದಿನ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಸುರಂಗದೊಳಗಿನ ಕತ್ತಲು, ತಲೆ ಮೇಲೆ ಹಾರಿದ ಬಾವಲಿ, ಸೇತುವೆ ನಡುವೆ ಕೆಳಗೆ ನೋಡಿ ಕಾಲು ಕಿತ್ತಿಡಲಾರದೆ ನಿಂತ ಟೀಮ್ ಲೀಡು, ಕಾಲ್ಚೀಲದೊಳಗಿನ ಜಿಗಣೆ, ಎಲ್ಲವೂ ಬರುತ್ತವೆ. ಈಗ ಮ್ಯಾನೇಜರ್, ಡೈರೆಕ್ಟರ್ ಆಗಿ ಕೂತವರು ಅದನ್ನು ಹೇಳುವಾಗ ಇಪ್ಪತ್ನಾಲ್ಕು ವರ್ಷದವರ ಹಾಗೆ ಕಾಣುತ್ತಾರೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಉದ್ದದ ಘಟ್ಟದ ರೈಲು ಹಾದಿಯಿದೆ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಮಂಗಳೂರು ಬಸ್ ಹತ್ತಿ, ಬೆಳಗಿನ ಜಾವ ಸಕಲೇಶಪುರ ದಾಟಿ ದೋಣಿಗಾಲ್‌ನಲ್ಲಿ ಇಳಿಯುವುದು. ಅಲ್ಲಿಂದ ಹಳಿ ಹಿಡಿದು ಕಡಗರವಳ್ಳಿ ಮೇಲೆ ಎಡಕುಮೇರಿ ಸ್ಟೇಷನ್‌ವರೆಗೆ ಸುಮಾರು 18 ಕಿಲೋಮೀಟರ್ ನಡೆಯುವುದು. ರಾತ್ರಿ ಅಲ್ಲೇ ಪ್ಲಾಟ್‌ಫಾರಮ್ಮಿನ ಮೇಲೆ ಮಲಗುವುದು. ಮಾರನೇ ದಿನ ಕಾಡೊಳಗೆ ಇಳಿದು, ಹೊಳೆ ದಾಟಿ, ಗುಂಡ್ಯ ಹತ್ತಿರ ಹೆದ್ದಾರಿ ಮುಟ್ಟಿ ಬಸ್ಸಿಗೆ ಕೈ ಅಡ್ಡ ಹಾಕುವುದು. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಆಫೀಸು. ನಾನು ಇದನ್ನು 2002ರ ಡಿಸೆಂಬರಿನಲ್ಲಿ ಮಾಡಿದೆ, ಆರು ಜನ ಸಹೋದ್ಯೋಗಿಗಳ ಜತೆ.

ಈ ಕಥೆ ಹೇಳುವವರೆಲ್ಲ ಒಂದು ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ. ಅಷ್ಟು ದೊಡ್ಡ ಹಳಿಯ ಮೇಲೆ, ಅಷ್ಟು ಸುರಂಗ ಸೇತುವೆಗಳ ಮೇಲೆ, ಎರಡು ದಿನ ನಿಶ್ಚಿಂತೆಯಿಂದ ನಡೆಯುವುದಕ್ಕೆ ನಮಗೆ ಆಗಿದ್ದಾದರೂ ಹೇಗೆ? ರೈಲು ಎಲ್ಲಿ ಹೋಗಿತ್ತು?

ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಹಳಿ ಬರುವುದಕ್ಕೂ ಮೊದಲಿಗೆ.

ದೋಣಿಗಾಲ್ ಹತ್ತಿರದ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಇದೆಯಲ್ಲ, ಎಂಟು ಮೂಲೆಯ ನಕ್ಷತ್ರದ ಆಕಾರದ್ದು, ಡ್ರೋನ್ ಬಂದ ಮೇಲೆ ಇನ್‌ಸ್ಟಾಗ್ರಾಮಿನಲ್ಲಿ ಮರುಹುಟ್ಟು ಪಡೆದದ್ದು, ಅದನ್ನು ಟಿಪ್ಪು ಕಟ್ಟಿಸಿದ್ದು ನೋಟ ಚೆಂದ ಇದೆ ಅಂತಲ್ಲ. 1792ರಲ್ಲಿ ಮುಗಿದ ಆ ಕೋಟೆಯ ಕೆಲಸ ಕೆಳಗಿನ ದಾರಿಯನ್ನು ಕಾಯುವುದು. ಮಂಗಳೂರಿನ ಬಂದರಿನಿಂದ ಮೈಸೂರು ಸೀಮೆಗೆ ಹತ್ತುವ ದಾರಿ ಅದು. ಉಪ್ಪು, ಒಣಮೀನು ಮೇಲೆ ಬರುತ್ತಿದ್ದವು; ಅಕ್ಕಿ, ಆಮೇಲಾಮೇಲೆ ಕಾಫಿ ಕೆಳಗೆ ಹೋಗುತ್ತಿದ್ದವು. ಎತ್ತಿನ ಬೆನ್ನ ಮೇಲೆ, ನಂತರ ಗಾಡಿಯಲ್ಲಿ. ಘಟ್ಟ ಅಂದರೆ ಆಗ ದಾಟಬೇಕಾದ ಜಾಗ, ಬೇಗ ದಾಟಿದಷ್ಟೂ ಒಳ್ಳೆಯದು ಅನಿಸುವ ಜಾಗ. ಅಲ್ಲಿ ಸುಮ್ಮನೆ ಹೋಗಿ ಎರಡು ದಿನ ಇದ್ದು ಬರೋಣ ಅಂತ ಯಾವ ಗಾಡಿಯವನಿಗೂ ಅನಿಸಿರಲಿಕ್ಕಿಲ್ಲ.

ಹಾಗೆ ಅನಿಸಿದ ಮೊದಲಿಗರು ಬಂದೂಕು ಹಿಡಿದಿದ್ದರು. ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ 1894ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರ ಹೆಸರೇ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್'. ಆ ಹೆಸರಿನ ನಡುವಿನ ಪದವನ್ನು ಗಮನಿಸಿ. ಚಿನ್ನಕ್ಕೂ ಕಾಫಿಗೂ ಮಧ್ಯದಲ್ಲಿ ಕೂತಿರುವ ಆ ಸ್ಪೋರ್ಟ್ ಅಂದರೆ ಹುಲಿ, ಕಾಟಿ ಹೊಡೆಯುವುದು. ಇವತ್ತು ಟ್ರೆಕ್ಕಿಂಗ್, ರಾಫ್ಟಿಂಗ್, ಜಿಪ್‌ಲೈನ್ ಅಂತ ಸಕಲೇಶಪುರದ ಹೋಂಸ್ಟೇಗಳ ಫಲಕಗಳಲ್ಲಿ ಬರೆದಿರುತ್ತದಲ್ಲ, ಆ ಪಟ್ಟಿಯ ಮುತ್ತಾತ ಇದು. 1972ರ ವನ್ಯಜೀವಿ ಕಾಯಿದೆ ಬರುವವರೆಗೂ ಘಟ್ಟದ ಮನರಂಜನೆ ಎಂದರೆ ಬಹುಮಟ್ಟಿಗೆ ಇದೇ ಆಗಿತ್ತು. ಅದಕ್ಕೆ ತೋಟ ಬೇಕು, ಲೈಸೆನ್ಸು ಬೇಕು, ಸೋವು ಎಬ್ಬಿಸಲು ಊರಿನ ಆಳುಗಳು ಬೇಕು. ಸಂಬಳದ ಮೇಲೆ ಬದುಕುವವನಿಗೆ ಅಲ್ಲಿ ಜಾಗ ಇರಲಿಲ್ಲ.

ಇನ್ನು ರೈಲಿನ ವಿಷಯ. ಮಂಗಳೂರಿಗೆ ರೈಲು ಬಂದಿದ್ದು 1907ರಲ್ಲಿ. ತಮಾಷೆ ಏನೆಂದರೆ ಅದು ಬಂದಿದ್ದು ದಕ್ಷಿಣದಿಂದ, ಕಾಸರಗೋಡಿನ ಕಡೆಯಿಂದ. ಮಂಗಳೂರು ಆಗ ಮದ್ರಾಸ್ ಪ್ರೆಸಿಡೆನ್ಸಿ, ಹಾಸನ ಮೈಸೂರು ರಾಜ್ಯ. ಘಟ್ಟ ಬರೀ ಘಟ್ಟವಲ್ಲ, ಗಡಿಯೂ ಹೌದು. ಹಾಗಾಗಿ ಮಂಗಳೂರಿನವರು ರೈಲಿನಲ್ಲೇ ಬೆಂಗಳೂರಿಗೆ ಹೋಗಬೇಕೆಂದರೆ ಕಲ್ಲಿಕೋಟೆ, ಶೊರನೂರು, ಪಾಲಕ್ಕಾಡು, ಸೇಲಂ, ಜೋಲಾರ್‌ಪೇಟೆ ಎಲ್ಲ ಸುತ್ತಿ ಬರಬೇಕಿತ್ತು. ರಸ್ತೆಯಲ್ಲಿ 350 ಕಿಲೋಮೀಟರ್ ಇರುವ ಊರಿಗೆ ಮೂರು ಸೀಮೆ ಸುತ್ತುವುದು. 1956ರ ನವೆಂಬರ್ 1ಕ್ಕೆ ಎರಡೂ ಕಡೆ ಒಂದೇ ರಾಜ್ಯವಾಯಿತು. ಆದರೆ ರಾಜ್ಯ ಒಂದಾದಷ್ಟು ಸುಲಭವಾಗಿ ಹಳಿ ಒಂದಾಗಲಿಲ್ಲ.

ಹಾಸನ–ಮಂಗಳೂರು ಮಾರ್ಗದ ಕೆಲಸ ಶುರುವಾದದ್ದು 1960ರ ದಶಕದ ನಡುವೆ. ಮುಖ್ಯ ಕಾರಣ ಪ್ರಯಾಣಿಕರಲ್ಲ, ಅದಿರು. ಪಣಂಬೂರಿನಲ್ಲಿ ಹೊಸ ಬಂದರು ಕಟ್ಟುತ್ತಿದ್ದರು. ಹೊಸಪೇಟೆ ಸೀಮೆಯ ಕಬ್ಬಿಣದ ಅದಿರನ್ನು ಅಲ್ಲಿಗೆ ತಲುಪಿಸಬೇಕಿತ್ತು. ಅದಕ್ಕೆ ಘಟ್ಟ ಇಳಿಯುವ ಹಳಿ ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಬರುವಷ್ಟರಲ್ಲಿ ಹಳಿ ಸುಮಾರು 800 ಮೀಟರ್ ಕೆಳಗಿಳಿಯುತ್ತದೆ. ಕಡಿದಾದ ಕಡೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿತ. ನಡೆಯುವವನಿಗೆ ಇದು ಏನೂ ಅಲ್ಲ, ಇಳಿಯುತ್ತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. ರೈಲಿಗೆ ಇದು ಭಯಂಕರ ಇಳಿಜಾರು. ಈಗಲೂ ಸರಕು ತುಂಬಿದ ರೈಲು ಘಟ್ಟ ಹತ್ತಬೇಕಾದರೆ ಮುಂದೆ ಎಳೆಯುವ ಎಂಜಿನ್ ಸಾಲದು, ಹಿಂದಿನಿಂದ ತಳ್ಳಲೂ ಎಂಜಿನ್ ಬೇಕು. ಇಳಿತ ಅದಕ್ಕಿಂತ ಹೆಚ್ಚಾಗದಂತೆ ಉದ್ದಕ್ಕೂ ನೋಡಿಕೊಳ್ಳಲು ಬೆಟ್ಟ ಬಂದಲ್ಲಿ ಕೊರೆದರು, ಕಣಿವೆ ಬಂದಲ್ಲಿ ಸೇತುವೆ ಹಾಕಿದರು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ನಮ್ಮ ಟ್ರೆಕ್ಕಿನಲ್ಲಿ "ಒಂದು ಸುರಂಗ ಮುಗೀತು ಅಂದ್ರೆ ಸೇತುವೆ, ಸೇತುವೆ ಮುಗೀತು ಅಂದ್ರೆ ಸುರಂಗ, ಯಾರೋ ಪ್ಲಾನ್ ಮಾಡಿ ಮಾಡಿದ ಹಾಗಿದೆ" ಅಂತ ಒಬ್ಬ ಹೇಳಿದ್ದ. ಹೌದು ಮತ್ತೆ, ಪ್ಲಾನ್ ಮಾಡಿಯೇ ಮಾಡಿದ್ದು.

ವರ್ಷಕ್ಕೆ 4000 ಮಿಲಿಮೀಟರ್ ಮಳೆ ದಾಟುವುದು ವಿಶೇಷವೇ ಅಲ್ಲದ ಜಾಗ ಅದು. ಕೆಲಸ ಮಾಡಲು ಸಿಗುವುದು ವರ್ಷದಲ್ಲಿ ಅರ್ಧ. ಸಾಮಾನು ಸಾಗಿಸಲು ರಸ್ತೆ ಇಲ್ಲ. ಹದಿನೈದು ವರ್ಷದ ಹತ್ತಿರ ಹತ್ತಿರ ಆ ಕಾಡಿನಲ್ಲಿ ಬಂಡೆ ಒಡೆದವರಿದ್ದಾರೆ. ನಾನು ನಡೆದಷ್ಟು ದೂರದಲ್ಲಿ ಸೇತುವೆಗಳ ಮೇಲೆ ಸಂಖ್ಯೆ ನೋಡಿದೆ, ಕಿಲೋಮೀಟರ್ ಕಲ್ಲು ನೋಡಿದೆ. ಒಬ್ಬ ಕೂಲಿಯ ಹೆಸರನ್ನೂ ನೋಡಲಿಲ್ಲ.

1979ರಲ್ಲಿ ಮಾರ್ಗ ಪೂರ್ತಿಯಾಯಿತು. ಮೀಟರ್‌ಗೇಜ್. ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರ.

ಆ ಚಿಕ್ಕ ರೈಲನ್ನು ನಾನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ನನ್ನ ಸೋದರಮಾವನ ಮನೆ ಪುತ್ತೂರಿನ ಹತ್ತಿರ, ಅಡಿಕೆ ತೋಟ. ಅವರ ಮಗಳನ್ನು ಕೊಟ್ಟದ್ದು ಹಾಸನಕ್ಕೆ. ಅತ್ತೆಗೆ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಲಿಕ್ಕೆ ಆಗುವುದಿಲ್ಲ, ಮೂರನೇ ತಿರುವಿನಲ್ಲೇ ವಾಂತಿ. ರೈಲಿನಲ್ಲಿ ಹಾಗೇನಿಲ್ಲ. ಕಬಕ ಪುತ್ತೂರು ಸ್ಟೇಷನ್ನಿನಲ್ಲಿ ಹಲಸಿನ ಹಪ್ಪಳ, ಮಾವಿನಮಿಡಿ, ತೆಂಗಿನಕಾಯಿ ಎಲ್ಲ ಗೋಣಿಯಲ್ಲಿ ತುಂಬಿ ಹತ್ತಿಸಿದರೆ ಹಾಸನದಲ್ಲಿ ಅಳಿಯ ಇಳಿಸಿಕೊಳ್ಳುತ್ತಿದ್ದ. ಬಾಣಂತನಕ್ಕೆ ಬಂದದ್ದೂ ರೈಲಿನಲ್ಲೇ. ಮಳೆಗಾಲದಲ್ಲಿ ಗುಡ್ಡ ಜರಿದು ರೈಲು ನಿಂತದ್ದೂ ಉಂಟು, ಆದರೂ ಅದು ಅವರ ರೈಲಾಗಿತ್ತು. ಘಟ್ಟದ ಮೇಲಿನಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವವರು, ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತವರು, ಮಂಗಳೂರಿನ ಕಾಲೇಜಿನಲ್ಲಿ ಓದುವ ಹಾಸನದ ಕಡೆಯ ಹುಡುಗರು, ಎಲ್ಲರಿಗೂ.

1992ರಲ್ಲಿ ರೈಲ್ವೆ ಇಲಾಖೆ ದೇಶದ ಮೀಟರ್‌ಗೇಜ್ ಹಳಿಗಳನ್ನೆಲ್ಲ ಬ್ರಾಡ್‌ಗೇಜ್ ಮಾಡುವ ಯೋಜನೆ ಹಾಕಿಕೊಂಡಿತು. ತತ್ವ ಸರಿಯಾದದ್ದೇ. ಹಳಿಯ ಅಗಲ ಬದಲಾದಲ್ಲೆಲ್ಲ ಸರಕನ್ನು ಒಂದು ಬೋಗಿಯಿಂದ ಇಳಿಸಿ ಇನ್ನೊಂದಕ್ಕೆ ತುಂಬುವುದು, ಜನ ಗಂಟುಮೂಟೆ ಹೊತ್ತು ಬೇರೆ ರೈಲಿಗೆ ಓಡುವುದು, ಇದಕ್ಕೆಲ್ಲ ಕೊನೆ ಬೇಕಿತ್ತು. ಮಂಗಳೂರಿಗೆ ಕೇರಳದ ಕಡೆಯಿಂದ ಬರುವ ಹಳಿ ಮೊದಲಿನಿಂದಲೂ ಬ್ರಾಡ್‌ಗೇಜ್. ಅತ್ತ ಬೆಂಗಳೂರು, ಮೈಸೂರು ಕಡೆಯ ಹಳಿಗಳೂ ಒಂದೊಂದಾಗಿ ಬ್ರಾಡ್‌ಗೇಜ್ ಆಗುತ್ತಾ ಬಂದವು. ಮಧ್ಯದಲ್ಲಿ ಘಟ್ಟದ ಮೀಟರ್‌ಗೇಜ್ ಒಂಟಿಯಾಯಿತು. 1996ರಲ್ಲಿ ಅದನ್ನೂ ಗೇಜ್ ಬದಲಾವಣೆಗೆಂದು ಮುಚ್ಚಿದರು.

ಮುಚ್ಚಿದ್ದು ಗೊತ್ತಾಯಿತು, ತೆರೆಯುವುದು ಯಾವಾಗ ಅಂತ ಗೊತ್ತಾಗಲಿಲ್ಲ. ಸಮತಟ್ಟಿನ ಭಾಗಗಳಲ್ಲಿ ಕೆಲಸ ಅಷ್ಟಿಷ್ಟು ನಡೆಯಿತು. ಘಟ್ಟ ಹಾಗೇ ಬಿದ್ದಿತ್ತು. 1998ರ ಜನವರಿಗೆ ಕೊಂಕಣ ರೈಲು ಪೂರ್ತಿಯಾಯಿತು, ಮಂಗಳೂರಿನಿಂದ ಮುಂಬಯಿಗೆ ಸೀದಾ ರೈಲು ಬಂತು. ತನ್ನದೇ ರಾಜ್ಯದ ರಾಜಧಾನಿಗೆ ಮಾತ್ರ ಘಟ್ಟ ಹತ್ತುವ ರೈಲಿಲ್ಲ, ಮತ್ತೆ ಅದೇ 1907ರ ಸುತ್ತು ದಾರಿ. ಈ ವಿಚಿತ್ರದ ಬಗ್ಗೆ ಕರಾವಳಿಯವರು ಎಷ್ಟು ಮನವಿ ಕೊಟ್ಟರೋ, ಎಷ್ಟು ಧರಣಿ ಕೂತರೋ, ಬೆಂಗಳೂರಿನಲ್ಲಿ ನಮ್ಮಂಥವರ ಕಿವಿಗೆ ಅದು ಬೀಳುತ್ತಿರಲಿಲ್ಲ.

ಯಾಕೆಂದರೆ ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಬೇರೆಯದೇ ಒಂದು ಸಂಗತಿ ನಡೆಯುತ್ತಿತ್ತು. ಸಾಫ್ಟ್‌ವೇರ್ ಕಂಪನಿಗಳು ಸಾವಿರಗಟ್ಟಲೆ ಹುಡುಗ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. ಶನಿವಾರ, ಭಾನುವಾರ ಎರಡೂ ದಿನ ರಜೆ ಅನ್ನುವುದು ನಮ್ಮ ಅಪ್ಪಂದಿರು ಕೇಳಿರದ ವಿಷಯ. ಕೈಯಲ್ಲಿ ಸ್ವಲ್ಪ ಹಣ, ಮದುವೆಗೆ ಇನ್ನೂ ಟೈಮಿದೆ, ಮತ್ತು ಕೂತು ಕೂತು ಬೆನ್ನು ನೋವು. ಬಂದೂಕಿಲ್ಲದೆ, ತೋಟವಿಲ್ಲದೆ, ಬರೀ ಕಾಲು ಮತ್ತು ಬೆನ್ನಿಗೊಂದು ಬ್ಯಾಗ್ ಇದ್ದರೆ ಘಟ್ಟದೊಳಗೆ ಹೋಗಬಹುದು ಅನ್ನುವುದು ಒಂದು ದೊಡ್ಡ ಬದಲಾವಣೆ ಅಂತಲೇ ನನ್ನ ಅಭಿಪ್ರಾಯ. ಎಲಿಯಟ್‌ನ ಕಾಲದ ಸ್ಪೋರ್ಟಿಗೂ ಇದಕ್ಕೂ ಅಜಗಜಾಂತರ. ಜಿಪಿಎಸ್ ಇಲ್ಲ, ರಿವ್ಯೂ ಇಲ್ಲ. ಯಾರೋ ಹೋಗಿಬಂದವರು ಬರೆದ ಉದ್ದನೆಯ ಇ–ಮೇಲ್, ಅದನ್ನೇ ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡರೆ ಅದೇ ನಕ್ಷೆ. ಮತ್ತು ರೈಲ್ವೆ ಟ್ರೆಕ್ಕಿನಷ್ಟು ದಾರಿ ತಪ್ಪಲಾಗದ ಟ್ರೆಕ್ ಇನ್ನೊಂದಿರಲಿಲ್ಲ. ಹಳಿ ಬಿಟ್ಟು ಎಲ್ಲಿಗೆ ಹೋಗುತ್ತೀರಿ? ಹತ್ತುವುದಿಲ್ಲ, ಹುಡುಕುವುದಿಲ್ಲ, ಕಾಡು ನೋಡುತ್ತಾ ನಡೆಯುವುದಷ್ಟೇ. ಹೊಸಬರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆದರೂ ಸಲೀಸಾಗಿತ್ತು ಅಂತಲ್ಲ. ಹಳಿಯ ಕೆಳಗಿನ ಸ್ಲೀಪರುಗಳ ಅಂತರ ಯಾರ ಹೆಜ್ಜೆಗೂ ಹೊಂದುವುದಿಲ್ಲ. ಒಂದೊಂದಕ್ಕೇ ಕಾಲಿಟ್ಟರೆ ಕುರಿಮರಿ ನಡಿಗೆ, ಎರಡೆರಡು ದಾಟಿದರೆ ತೊಡೆ ಸಂದು ಹಿಡಿಯುತ್ತದೆ. ಪಕ್ಕಕ್ಕೆ ಬಂದರೆ ಜಲ್ಲಿ. ಸೇತುವೆ ಮೇಲೆ ಜಲ್ಲಿಯೂ ಇಲ್ಲ, ಸ್ಲೀಪರುಗಳ ಸಂದಿಯಲ್ಲಿ ನೇರ ಪಾತಾಳ ಕಾಣುತ್ತದೆ. ಹಿಡಿದುಕೊಳ್ಳಲು ಎಷ್ಟೋ ಕಡೆ ಏನೂ ಇಲ್ಲ. ಹಳಿ ನೋಡಿಕೊಳ್ಳುವವರು ನಿಲ್ಲಲೆಂದು ಅಲ್ಲಲ್ಲಿ ಸೇತುವೆಯಿಂದ ಹೊರಕ್ಕೆ ಚಾಚಿದ ಪುಟ್ಟ ಕಟಕಟೆಗಳಿರುತ್ತವೆ. ಸುರಂಗದ ಗೋಡೆಯಲ್ಲೂ ಒಬ್ಬ ಮನುಷ್ಯ ನಿಲ್ಲುವಷ್ಟು ಗೂಡುಗಳಿರುತ್ತವೆ. ನಾವು ಆ ಕಟಕಟೆಗಳಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು. ರೀಲಿನಲ್ಲಿ ಮೂವತ್ತಾರೇ ಫೋಟೋ, ಲೆಕ್ಕ ಹಾಕಿ ತೆಗೆಯಬೇಕು.

ಎಡಕುಮೇರಿಯಲ್ಲಿ ರಾತ್ರಿ ಬೆಂಕಿ ಹಾಕಿಕೊಂಡು ಕೂತಿದ್ದಾಗ ಹಳಿ ಕಾಯುವ ಕೆಲಸದ ಒಬ್ಬರು ಬಂದು ಜತೆಗೆ ಕೂತರು. ಹಾಸನದ ಕಡೆಯ ಮಾತು. ವಯಸ್ಸು ಐವತ್ತು ದಾಟಿರಬೇಕು. ನಮ್ಮ ಎಂಟಿಆರ್ ಪೊಟ್ಟಣದ ಬಿಸಿಬೇಳೆಬಾತನ್ನು ಕೈಯಲ್ಲಿ ಹಿಡಿದು ಒಳ್ಳೇ ಹೊತ್ತು ನೋಡಿದರು, ಆಮೇಲೆ ತಿಂದರು.

"ಯಜಮಾನ್ರೇ, ಇಲ್ಲಿ ಮುಂಚೆ ರೈಲು ನಿಲ್ತಿತ್ತಾ?" ಅಂತ ನಮ್ಮಲ್ಲೊಬ್ಬ ಕೇಳಿದ.

"ನಿಲ್ತಿತ್ತು ಸಾರ್. ಕ್ರಾಸಿಂಗು. ಆದ್ರೆ ಇಳಿಯೋರು ಯಾರು? ಇಲ್ಲಿಗೆ ರಸ್ತೆನೇ ಇಲ್ವಲ್ಲ. ನಾವು, ಮಾಸ್ಟ್ರು, ಅಷ್ಟೇಯ. ಅಕ್ಕಿ ಬೇಳೆ ಬರೋದೂ ರೈಲಲ್ಲೇ." ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. "ರೈಲಿದ್ದಾಗ ಈ ಸ್ಟೇಷನ್ನಲ್ಲಿ ಒಂದ್ ನರಪಿಳ್ಳೆ ಇಳೀತಿರ್ಲಿಲ್ಲ. ಈಗ ರೈಲಿಲ್ಲ, ಶನಿವಾರ ಆಯ್ತು ಅಂದ್ರೆ ಪ್ಲಾಟ್‌ಫಾರಂ ತುಂಬ ಜನ."

ಮುಂದಿನ ಬಾರಿ ಪುತ್ತೂರಿಗೆ ಹೋದಾಗ ಮಾವನಿಗೆ ಈ ಟ್ರೆಕ್ಕಿನ ವಿಷಯ ಹೇಳಿದೆ, ಖುಷಿಪಡುತ್ತಾರೆ ಅಂದುಕೊಂಡು. ಅವರು ಅಡಿಕೆ ಸುಲಿಯುತ್ತಾ ಕೇಳಿದರು. "ಎಂತ ಮಾರಾಯ, ಬಸ್ಸಲ್ಲಿ ಬಂದು ರೈಲಿನ ಹಳಿಯಲ್ಲಿ ನಡೆಯುವುದಾ?" ಅಂದರು. ಆಮೇಲೆ, ಮುಖ ಎತ್ತದೆ: "ನಿಮಗೆ ಅದು ಸಂಡಿಗೆ ಒಣಗಿಸುವ ಜಾಗ ಆಗಿದೆ. ನಿನ್ನ ಅತ್ತೆ ಮಗಳ ಮನೆಗೆ ಹೋಗದೆ ಎಷ್ಟು ವರ್ಷ ಆಯ್ತು ಗೊತ್ತುಂಟಾ?" ಆರು ವರ್ಷ ಆಗಿತ್ತು. ಮಗಳೇ ಬರುತ್ತಿದ್ದಳು, ಬಸ್ಸಿನಲ್ಲಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು.

ಆ ಟ್ರೆಕ್ಕಿನ ಇತಿಹಾಸವನ್ನು ನಾನು ಈ ಎರಡು ಮಾತುಗಳ ನಡುವೆಯೇ ಇಟ್ಟು ನೋಡುವುದು. ನಮ್ಮ ತಲೆಮಾರು ಪ್ರಕೃತಿ ಅಂತ ಕಂಡುಕೊಂಡ ಆ ಮೌನ ಕಾಡಿನ ಮೌನ ಮಾತ್ರ ಆಗಿರಲಿಲ್ಲ. ಹಣಕಾಸು ಹೊಂದಿಸಲಾಗದ, ಯಾರೂ ಆತುರಪಡದ ಒಂದು ಸರ್ಕಾರಿ ಕೆಲಸದ ಮೌನವೂ ಅದರೊಳಗಿತ್ತು. ಹೋಗಿಬಂದವರು ಬರೆಯುತ್ತಿದ್ದ ಬರಹಗಳಲ್ಲೆಲ್ಲ ಒಂದು ವಾಕ್ಯ ತಪ್ಪದೆ ಬರುತ್ತಿತ್ತು: ಈ ಹಾದಿ ಬೇಗ ಮುಚ್ಚಿಬಿಡುತ್ತದೆ, ಅಷ್ಟರೊಳಗೆ ಹೋಗಿಬನ್ನಿ ಅಂತ. ಮುಚ್ಚುವುದು ಅಂದರೆ ರೈಲು ಬರುವುದು. ಘಟ್ಟದ ಕೆಳಗಿನವರು ತೆರೆಯುವುದು ಅನ್ನುತ್ತಿದ್ದುದೂ ಅದನ್ನೇ.

2003ರಲ್ಲಿ ರೈಲ್ವೆ ಸಚಿವಾಲಯ, ಕರ್ನಾಟಕ ಸರ್ಕಾರ ಸೇರಿ ಈ ಮಾರ್ಗಕ್ಕೆಂದೇ ಪ್ರತ್ಯೇಕ ಕಂಪನಿ ಮಾಡಿದವು. ಆಮೇಲೆ ಕೆಲಸ ಓಡಿತು. ಇಲ್ಲೂ ಮುಂದೆ ನಿಂತದ್ದು ಅದಿರೇ; ಚೀನಾ ಆ ವರ್ಷಗಳಲ್ಲಿ ಎಷ್ಟು ಕಬ್ಬಿಣದ ಅದಿರು ಕೊಟ್ಟರೂ ಕೊಳ್ಳುತ್ತಿತ್ತು. 2006ರ ಮೇ ತಿಂಗಳಲ್ಲಿ ಸರಕು ರೈಲು ಶುರುವಾಯಿತು. ಜನ ಹತ್ತುವ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ, ಅಂದರೆ ಮುಚ್ಚಿದ ಹನ್ನೊಂದು ವರ್ಷಕ್ಕೆ. ಅದಿರಿಗೆ ಮೊದಲು ದಾರಿ, ಮನುಷ್ಯರಿಗೆ ಒಂದೂವರೆ ವರ್ಷ ತಡ. ಈ ಹಳಿಯ ಹುಟ್ಟುಗುಣ ಅದು.

ಇಲ್ಲಿಗೆ ಟ್ರೆಕ್ ಮುಗಿಯಬೇಕಿತ್ತು. ಮುಗಿಯಲಿಲ್ಲ. ದಿನಕ್ಕೆ ಓಡುವ ರೈಲುಗಳು ಕಡಿಮೆ, ವೇಗವೂ ಕಡಿಮೆ, ಹಾಗಾಗಿ ಜನ ನಡೆಯುತ್ತಲೇ ಹೋದರು. ಟೈಮ್‌ಟೇಬಲ್ ನೋಡಿಕೊಂಡು ಹೋದರೆ ಆಯಿತು ಅನ್ನುವ ಸಲಹೆ ಹುಟ್ಟಿಕೊಂಡಿತು. ನನಗೆ ಇದರಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ. ಸರಕು ರೈಲಿಗೆ ಟೈಮ್‌ಟೇಬಲ್ ಎಲ್ಲಿದೆ? ತಿರುವಿನಲ್ಲಿ, ಝರಿಯ ಸದ್ದಿನಲ್ಲಿ, ಇಳಿಜಾರಿನಲ್ಲಿ ಬರುವ ರೈಲು ಹತ್ತಿರ ಬರುವವರೆಗೆ ಕೇಳುವುದಿಲ್ಲ. ಸೇತುವೆಯ ನಡುವೆ ಇದ್ದವರಿಗೆ ಓಡಲು ಎರಡೇ ದಿಕ್ಕು. ಇಳಿಜಾರಿನಲ್ಲಿ ಡ್ರೈವರ್ ಬ್ರೇಕ್ ಹಾಕಿದರೂ ಅಷ್ಟು ಭಾರ ಅಲ್ಲೇ ನಿಲ್ಲುವುದಿಲ್ಲ. ಅವನು ಏನು ಮಾಡಬೇಕು? ಹಳಿ ಮೇಲೆ ಅನುಮತಿ ಇಲ್ಲದೆ ಹೋಗುವುದು 1989ರ ರೈಲ್ವೆ ಕಾಯಿದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಮೊದಲು ಯಾರೂ ಕೇಳುತ್ತಿರಲಿಲ್ಲ, ಆಮೇಲೆ ಹಿಡಿಯತೊಡಗಿದರು, ದಂಡ ಹಾಕಿದರು. ದೂಧ್‌ಸಾಗರದ ಹಳಿಯ ಕಥೆಯೂ ಹೀಗೆಯೇ. ಅಲ್ಲೂ ಈಗ ಹಳಿ ಮೇಲೆ ನಡೆಯುವ ಹಾಗಿಲ್ಲ. ಪ್ರತಿ ಮಳೆಗಾಲದಲ್ಲೂ ಯಾರೋ ನಡೆದು ಸಿಕ್ಕಿಬೀಳುತ್ತಾರೆ, ನಮ್ಮ ಸ್ವಾತಂತ್ರ್ಯ ಹೋಯಿತು ಅಂತ ಕಮೆಂಟುಗಳು ಬರುತ್ತವೆ. ನನ್ನ ಸಹಾನುಭೂತಿ ಎಂಜಿನ್ನಿನಲ್ಲಿ ಕೂತವನ ಕಡೆಗೆ.

ಗೆಳೆಯನೊಬ್ಬ ಅಮೆರಿಕದ ಉದಾಹರಣೆ ಕೊಟ್ಟು ವಾದಿಸುತ್ತಾನೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್–ಸ್ಪಾರ್ಟಾ ಅಂತ ಒಂದು ಹಾದಿ ಇದೆ. ರೈಲು ನಿಂತ ಮಾರ್ಗವನ್ನು 1960ರ ದಶಕದಲ್ಲಿ ರಾಜ್ಯ ಕೊಂಡು, ಹಳಿ ಇದ್ದ ಜಾಗವನ್ನು ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಬಿಟ್ಟುಕೊಟ್ಟಿತು. ಮೂರು ಸುರಂಗಗಳಿವೆ, ಟಾರ್ಚ್ ಹಿಡಿದೇ ಹೋಗಬೇಕು. ಅಂಥ ಹಾದಿಗಳು ಆಮೇಲೆ ಆ ದೇಶದ ತುಂಬ ಆದವು. ನಮ್ಮಲ್ಲಿ 57 ಸುರಂಗ ಇದ್ದವಲ್ಲ ಮಾರಾಯ, ಜಗತ್ತೇ ಬರುತ್ತಿತ್ತು ಅಂತ ಅವನ ವಾದ. ಬರುತ್ತಿತ್ತೇನೋ. ಆದರೆ ಅಲ್ಲಿ ರೈಲು ಸತ್ತದ್ದು ಅದಕ್ಕೆ ಕೆಲಸ ಇಲ್ಲದೆ. ಇಲ್ಲಿ ಕೆಲಸ ಇತ್ತು, ಹತ್ತುವವರು ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದರು.

ಹಾಗಂತ ಘಟ್ಟವನ್ನು ನಡೆಯುವವರಿಗೆ ಮುಚ್ಚಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಆದ ಎಡವಟ್ಟೇ ಇದು: ನಡೆಯುವುದಕ್ಕೆ ಅಂತ ಒಂದು ದಾರಿಯನ್ನು ಯಾರೂ ಮಾಡಿಕೊಡಲಿಲ್ಲ. ಖಾಲಿ ಬಿದ್ದ ಹಳಿ ಸಿಕ್ಕಿತು, ಅದರ ಮೇಲೆ ನಡೆದೆವು. ಉಪ್ಪಿನ ಎತ್ತುಗಳು ಹತ್ತಿದ ಹಳೇ ಕಾಲುದಾರಿಗಳು ಎಷ್ಟೋ ಇದ್ದವು, ಅವು ತೋಟದ ಬೇಲಿಯೊಳಗೋ ರಿಸರ್ವ್ ಫಾರೆಸ್ಟಿನ ಗಡಿಯೊಳಗೋ ಸೇರಿಹೋದವು. ಜನ ಹೆಚ್ಚಾದಾಗ ಮಾತ್ರ ಇಲಾಖೆಗೆ ಎಚ್ಚರವಾಗುತ್ತದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೋ ನೀವೂ ನೋಡಿರುತ್ತೀರಿ, ಬೆಟ್ಟ ಹತ್ತಲು ಕ್ಯೂ. ಅದಾದ ಮೇಲೆ ರಾಜ್ಯದ ಚಾರಣಗಳನ್ನು ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ಒಂದು ಹಾದಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದರು. ಮಿತಿ ಬೇಕು. ಆದರೆ ಹಾದಿಗಳ ಸಂಖ್ಯೆ ಹೆಚ್ಚಿಸದೆ ಮಿತಿ ಮಾತ್ರ ಹಾಕಿದರೆ, ತಿಂಗಳ ಮೊದಲೇ ಕಂಪ್ಯೂಟರ್ ಮುಂದೆ ಕೂತವರಿಗಷ್ಟೇ ಬೆಟ್ಟ ಸಿಗುತ್ತದೆ. ಅದರಲ್ಲಿ ನಾವು, ಈ ಪುಸ್ತಕ ಓದುತ್ತಿರುವವರು, ಎಲ್ಲರಿಗಿಂತ ಮುಂದಿರುತ್ತೇವೆ ಬಿಡಿ.

2021ರ ಜುಲೈಯಿಂದ ಯಶವಂತಪುರ–ಮಂಗಳೂರು ಹಗಲು ರೈಲಿಗೆ ಗಾಜಿನ ಕಿಟಕಿಯ ವಿಸ್ಟಾಡೋಮ್ ಬೋಗಿ ಸೇರಿಸಿದ್ದಾರೆ. ಮಾಡಿಗೂ ಗಾಜು, ತಿರುಗುವ ಕುರ್ಚಿ. ನಾವು ಎರಡು ದಿನ ನಡೆದ ದಾರಿಯನ್ನು ಎರಡು ಎರಡೂವರೆ ಗಂಟೆಯಲ್ಲಿ ಕೂತೇ ನೋಡಬಹುದು. ಟಿಕೆಟ್ ದುಬಾರಿ. ಅದೇ ರೈಲಿನ ಸಾಮಾನ್ಯ ಬೋಗಿಯಲ್ಲೂ ಕಿಟಕಿ ಇದೆ, ಅದನ್ನು ಮೇಲೆತ್ತಿದರೆ ಕಾಡಿನ ವಾಸನೆಯೂ ಬರುತ್ತದೆ. ಗಾಜಿನ ಬೋಗಿಯಲ್ಲಿ ಎಸಿ. ನನ್ನ ಆಯ್ಕೆ ಯಾವುದು ಅಂತ ಹೇಳಬೇಕಾಗಿಲ್ಲ. ಸುರಂಗ ಬಂದಾಗಲೆಲ್ಲ ಮಕ್ಕಳು ಒಟ್ಟಾಗಿ ಕೂಗುವುದು ಎರಡೂ ಕಡೆ ಒಂದೇ.

ಮತ್ತು ಗುಡ್ಡ ಈಗಲೂ ಜರಿಯುತ್ತದೆ. 2024ರ ಜುಲೈ 26ರಂದು ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಹೋಯಿತು. ಅದೇ ತಿಂಗಳು ಸಕಲೇಶಪುರದ ಹತ್ತಿರ ಶಿರಾಡಿ ರಸ್ತೆಯಲ್ಲೂ ಗುಡ್ಡ ಜಾರಿ ವಾಹನ ನಿಂತಿದ್ದವು. ಹಳಿ ಕುಸಿದ ಜಾಗಕ್ಕೆ ರಸ್ತೆ ಇಲ್ಲ. ಕಲ್ಲು, ಮರಳಿನ ಚೀಲ, ಯಂತ್ರ ಎಲ್ಲವೂ ಹಳಿಯ ಮೇಲೆಯೇ ಬರಬೇಕು. ಮಳೆಯಲ್ಲಿ ನೂರಾರು ಜನ ಹಗಲು ರಾತ್ರಿ ಕೆಲಸ ಮಾಡಿ ಸುಮಾರು ಎರಡು ವಾರದಲ್ಲಿ ಪ್ರಯಾಣಿಕರ ರೈಲು ಮತ್ತೆ ಬಿಟ್ಟರು. 1996ರಲ್ಲಿ ಮುಚ್ಚಿದ ಹಳಿ ಹನ್ನೊಂದು ವರ್ಷ ತೆಗೆದುಕೊಂಡಿತ್ತು ಅನ್ನುವುದನ್ನು ನೆನಪಿಟ್ಟುಕೊಂಡು ಈ ಎರಡು ವಾರವನ್ನು ನೋಡಬೇಕು.

ಆ ಹಳಿಯ ಮೇಲೆ ನಡೆಯಲು ಈಗ ಅನುಮತಿ ಇರುವುದು ಹಳಿಯನ್ನು ನೋಡಿಕೊಳ್ಳುವವರಿಗೆ ಮಾತ್ರ. ಮಳೆಗಾಲ ಶುರುವಾದರೆ ಅವರದು ರಾತ್ರಿ ಗಸ್ತು. ಕೈಯಲ್ಲಿ ಟಾರ್ಚು, ಹೆಗಲಲ್ಲಿ ಕೆಂಪು ಬಾವುಟ, ರೈನ್‌ಕೋಟು, ಕಾಲಿಗೆ ಜಿಗಣೆ. ಒಬ್ಬ ತನ್ನ ಪಾಲಿನ ದೂರ ನಡೆದು, ಎದುರಿನಿಂದ ಬಂದವನನ್ನು ಭೇಟಿಯಾಗಿ, ಹಿಂದಕ್ಕೆ ನಡೆಯುತ್ತಾನೆ. ಮಣ್ಣು ಸಡಿಲವಾಗಿದೆಯಾ, ಮರ ಬಿದ್ದಿದೆಯಾ, ಬಂಡೆ ಉರುಳಿದೆಯಾ, ಆನೆ ನಿಂತಿದೆಯಾ ನೋಡುತ್ತಾನೆ. ರಾತ್ರಿ ಎರಡು ಗಂಟೆಗೆ ಮಂಗಳೂರು ಕಡೆಯ ರೈಲಿನಲ್ಲಿ ನಿಮಗೆ ಎಚ್ಚರವಾಗಿ ಬಾಗಿಲ ಹತ್ತಿರ ಬಂದರೆ ಸುರಂಗದ ಬಾಯಲ್ಲಿ, ಗೋಡೆಯ ಗೂಡಿಗೆ ಒತ್ತಿಕೊಂಡು, ಟಾರ್ಚನ್ನು ಕೆಳಗೆ ಮಾಡಿ ನಿಂತ ಅಂಥ ಒಬ್ಬನನ್ನು ಅರೆಕ್ಷಣ ಕಾಣಬಹುದು. ಮಾವ ತೀರಿಕೊಂಡು ಕೆಲವು ವರ್ಷಗಳಾದವು. ಅತ್ತೆ ಈಗಲೂ ವರ್ಷಕ್ಕೆರಡು ಸಲ ಹಾಸನಕ್ಕೆ ಅದೇ ರೈಲಿನಲ್ಲಿ ಹೋಗಿಬರುತ್ತಾರೆ, ಮಾವಿನಮಿಡಿಯ ಡಬ್ಬಿಯನ್ನು ಸೀಟಿನ ಕೆಳಗಿಟ್ಟುಕೊಂಡು. ಘಟ್ಟ ಬಂದಾಗ ನಿದ್ದೆ ಮಾಡುತ್ತಾರೆ.